ಮಾರಿದ ಮಾಲಿನ ಹೊಣೆ ಯಾರದು?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಗಿರಣಿಯ ಕೂಲಿಕಾರರನ್ನೂ ಅಂಗಡಿಕಾರರನ್ನೂ ಒಂದೇ ಸಭೆಯಲ್ಲಿ ಕೂಡಿಸಿದುದನ್ನು ಕಂಡು ಕೆಲವರು ಹುಬ್ಬೇರಿಸಿದ್ದಾರೆ. ಕೊಳ್ಳುವವನಿಗೂ ಮಾರುವವನಿಗೂ ಎಲ್ಲಿಯ ಒಕ್ಕಟ್ಟು ಎಂಬುದು ಅವರ ಪ್ರಶ್ನೆ. ಇಂದಿನ ವಿಷಯದಲ್ಲಿ ಇಬ್ಬರ ಕೊರಳಿಗೂ ಒಂದೇ ಹಗ್ಗ ಬಿದ್ದಿದೆ ಎಂಬುದನ್ನು ತೋರಿಸಲು ನಾನು ಇಲ್ಲಿ ನಿಂತಿದ್ದೇನೆ. ಮನೆಯ ಮಾಳಿಗೆಯ ಮೇಲೆ ಕೂಡಿಸುವ ಸೌರ ಫಲಕ, ಅದರ ಇನ್ವರ್ಟರು, ಅದರ ಬ್ಯಾಟರಿ ಇವುಗಳಲ್ಲಿ ಬೆಂಕಿ ಹತ್ತುವಂಥ ದೋಷವಿದ್ದರೆ ಅವನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೊಣೆ ಯಾರದು? ಇದೇ ಇಂದಿನ ವಿಷಯ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಿರಲಿ. ನಾವು ಸೌರ ವಿದ್ಯುತ್ತಿನ ವೈರಿಗಳಲ್ಲ. ಮಳೆಗೆ ಬರವಿದ್ದರೂ ಬಿಸಿಲಿಗೆ ಯಾದಗಿರಿ ಜಿಲ್ಲೆಯಲ್ಲಿ ಎಂದೂ ಬರವಿಲ್ಲ. ಶಹಾಪುರ, ಸುರಪುರದ ಕಡೆಯ ಹಳ್ಳಿಯಲ್ಲಿ ಕರೆಂಟು ಹೋದ ರಾತ್ರಿ ಒಂದು ದೀಪ, ಒಂದು ಫ್ಯಾನು ನಡೆದರೆ ಮಕ್ಕಳ ಓದು ನಡೆದೀತು, ಬಾಣಂತಿಗೆ ಗಾಳಿ ಬಂದೀತು. ಬಿಸಿಲು ಯಾವ ಬಂಡವಾಳಗಾರನ ಸ್ವತ್ತೂ ಅಲ್ಲ. ಆದರೆ ಬಿಸಿಲನ್ನು ಹಿಡಿಯುವ ಸಾಮಾನು ಅವರ ಕೈಯಲ್ಲಿದೆ. ಅದರ ಲಾಭವನ್ನು ಅವರೇ ತೆಗೆದುಕೊಳ್ಳುತ್ತಿರುವಾಗ ಅದರ ಅಪಾಯವನ್ನೂ ಅವರೇ ಹೊರಬೇಕು. ಇಷ್ಟೇ ನಮ್ಮ ವಾದ.

ದೋಷವೆಂದರೆ ಏನು?

ಮನೆಗೆ ಕಂಬದಿಂದ ಬರುವ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಹಾಗೆ ಬದಲಿಸುವಾಗ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಸ್ವಿಚ್ಚಿನಲ್ಲಿ ಕಿಡಿ ಹಾರಿದರೂ ಆ ಸೊನ್ನೆಯಲ್ಲಿ ಅದು ಆರಿಹೋಗುತ್ತದೆ. ಫಲಕದಿಂದ ಇಳಿಯುವ ಕರೆಂಟು ಹಾಗಲ್ಲ. ಅದು ಒಂದೇ ದಿಕ್ಕಿನದು, ನಡುವೆ ಸೊನ್ನೆ ಇಲ್ಲ. ತಂತಿಯ ಜೋಡಣೆ ಸಡಿಲಾಗಿ ಅಲ್ಲಿ ಕಿಡಿ ಹುಟ್ಟಿದರೆ ಅದು ತಾನಾಗಿ ಆರುವುದಿಲ್ಲ. ಪ್ಲಾಸ್ಟಿಕ್ಕನ್ನು ಕರಗಿಸಿ, ಪೆಟ್ಟಿಗೆಯನ್ನು ಸುಟ್ಟು, ಮುಂದಕ್ಕೆ ಹೋಗುತ್ತದೆ. ಆದುದರಿಂದಲೇ ಸೌರ ಸಾಲಿಗೆ ಬೇರೆ ಬಗೆಯ ಸ್ವಿಚ್ಚು, ಬೇರೆ ಬಗೆಯ ಕೇಬಲ್ಲು ಬೇಕು. ಮನೆಯ ಸಾಮಾನ್ಯ ಸ್ವಿಚ್ಚನ್ನು ಅಲ್ಲಿ ಹಾಕಿ ನಾಲ್ಕು ಕಾಸು ಉಳಿಸಿದವನು ಬೆಂಕಿಗೆ ಆಹ್ವಾನ ಕಳಿಸಿದಂತೆ.

ಇನ್ನು ಬ್ಯಾಟರಿ. ಸೀಸ-ಆಮ್ಲದ ಹಳೆಯ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಅನಿಲ ಬಿಡುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದು ಅಪಾಯ. ಲಿಥಿಯಂ ಬ್ಯಾಟರಿಯಲ್ಲಿ ಒಳಗಿನ ಒಂದು ಕೋಶ ಕೆಟ್ಟು ಕಾಯ್ದರೆ ಪಕ್ಕದ ಕೋಶವನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು. ಹೀಗೆ ಬೆಂಕಿ ಒಳಗಿಂದೊಳಗೇ ಹಬ್ಬುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ತಗಡಿನ ಮಾಡಿನ ಕೆಳಗೆ ಬ್ಯಾಟರಿ ಇಟ್ಟರೆ ಏನಾದೀತು, ನೀವೇ ಎಣಿಸಿರಿ. ಶಾಖ ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಆ ಕಸುಬಿನವರ ಲೆಕ್ಕ.

ಕೆಲವು ದೋಷ ಕೂಡಿಸುವವನದು, ಕೆಲವು ಬಳಸುವವನದು. ಆದರೆ ಕಾರಖಾನೆಯಲ್ಲಿಯೇ ಹುಟ್ಟಿದ ದೋಷವೂ ಇದೆ. ಅದನ್ನು ಅಂಗಡಿಕಾರ ಕಾಣಲಾರ, ಗಿರಾಕಿ ಕಾಣಲಾರ. ಅದನ್ನು ಕಾಣಬಲ್ಲವನು ತಯಾರಕನೊಬ್ಬನೇ. ಕಂಡಕೂಡಲೇ ಊರಿಗೆಲ್ಲ ಸಾರಿ, ಮಾಲನ್ನು ಹಿಂದಕ್ಕೆ ತೆಗೆದುಕೊಂಡು, ಸರಿಯಾದುದನ್ನು ಕೊಡುವುದು ಅಥವಾ ಹಣ ಮರಳಿಸುವುದು ಅವನ ಧರ್ಮ. ಇದಕ್ಕೆ ರಿಕಾಲ್ ಎನ್ನುತ್ತಾರೆ. ನಾವು ಮಾಲು ವಾಪಸಿ ಎನ್ನೋಣ.

ಹೊರದೇಶಗಳಲ್ಲಿ ನಡೆದುದು

ಇದು ಕಲ್ಪನೆಯ ಮಾತಲ್ಲ. ಎಲ್‌ಜಿ ಕಂಪನಿ ಮನೆಗಳಿಗೆ ಮಾರಿದ ಸೌರ ಬ್ಯಾಟರಿಗಳಲ್ಲಿ ಬೆಂಕಿ ಕಾಣಿಸಿಕೊಂಡ ಮೇಲೆ ಅಮೆರಿಕದಲ್ಲಿ 2020ರ ಡಿಸೆಂಬರಿನಲ್ಲಿ ಸುಮಾರು 1,800 ಬ್ಯಾಟರಿಗಳ ವಾಪಸಿ ಸಾರಿದರು. 2021ರ ಆಗಸ್ಟಿನಲ್ಲಿ ಅದನ್ನು ಸುಮಾರು 10,000ಕ್ಕೆ ವಿಸ್ತರಿಸಬೇಕಾಯಿತು. 2025ರ ನವೆಂಬರಿನಲ್ಲಿ ಟೆಸ್ಲಾ ಕಂಪನಿ ಅಮೆರಿಕದಲ್ಲಿ ಸುಮಾರು 10,500 ಮನೆ ಬ್ಯಾಟರಿಗಳ ವಾಪಸಿ ಸಾರಿತು. ಅವು ಗೋಡೆಗೆ ತೂಗಿದ್ದಲ್ಲಿಯೇ ಇರುವಾಗ ಕಂಪನಿ ದೂರದಿಂದಲೇ ಅವುಗಳ ಚಾರ್ಜನ್ನು ಇಳಿಸಿತು. ಯಾವ ಬ್ಯಾಟರಿ ಯಾವ ಮನೆಯಲ್ಲಿದೆ ಎಂಬುದು ಅವರ ದಫ್ತರಿನಲ್ಲಿ ಇದ್ದುದರಿಂದ ಇದು ಸಾಧ್ಯವಾಯಿತು.

ಇದಕ್ಕೆ ವಿರುದ್ಧವಾದ ಇನ್ನೊಂದು ಕಥೆ ಕೇಳಿರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2014ರಲ್ಲಿ ಅವಾಂಕೊ ಎಂಬ ಗುರುತಿನ ಸೌರ ಸ್ವಿಚ್ಚುಗಳು ಸುಟ್ಟುಹೋಗತೊಡಗಿದವು. ಫಲಕದ ಕರೆಂಟನ್ನು ತಡೆದು ಮನೆ ಕಾಯಬೇಕಾದ ಸ್ವಿಚ್ಚೇ ಬೆಂಕಿಯ ಬಾಯಿ ಆಯಿತು. ಸರಕಾರ 27,000ಕ್ಕೂ ಹೆಚ್ಚು ಸ್ವಿಚ್ಚುಗಳ ವಾಪಸಿಗೆ ಅಪ್ಪಣೆ ಮಾಡಿತು. ಆದರೆ ಅವನ್ನು ಆಮದು ಮಾಡಿ ಹಂಚಿದ ಕಂಪನಿ ದಿವಾಳಿ ಎದ್ದಿತ್ತು. ವಾಪಸಿಗೆ ಅಪ್ಪಣೆ ಇತ್ತು, ವಾಪಸು ಪಡೆಯುವವನು ಇರಲಿಲ್ಲ. ಖರ್ಚಿನ ಭಾರ ಸ್ವಿಚ್ಚು ಕೂಡಿಸಿದ ಎಲೆಕ್ಟ್ರಿಷಿಯನ್ನರ ಕಡೆಗೆ, ಮನೆಯವರ ಕಡೆಗೆ ಜಾರಿತು.

ಈ ಎರಡು ಕಥೆಗಳಿಂದ ನಾವು ಎರಡು ಪಾಠ ಕಲಿಯಬೇಕು. ಮಾಲು ಯಾರ ಮನೆಯಲ್ಲಿದೆ ಎಂಬ ಲೆಕ್ಕವಿಲ್ಲದಿದ್ದರೆ ವಾಪಸಿ ಬರೀ ಕಾಗದ. ತಯಾರಕನೋ ಆಮದುದಾರನೋ ಕಣ್ಮರೆಯಾದರೆ ಅವನ ಹೊಣೆ ಕೆಳಗಿಳಿದು ಸಣ್ಣವರ ಹೆಗಲೇರುತ್ತದೆ.

ನಮ್ಮ ದೇಶದ ಸ್ಥಿತಿ

ನಮ್ಮಲ್ಲಿ ಕಾಯಿದೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಿಂದ 110ಎ ಎಂಬ ಕಲಮು ಬಂತು; 2021ರ ಏಪ್ರಿಲ್ 1ರಿಂದ ದೋಷವುಳ್ಳ ವಾಹನಗಳನ್ನು ವಾಪಸು ಪಡೆಯುವಂತೆ ಸರಕಾರ ಅಪ್ಪಣೆ ಮಾಡಬಹುದು. 2022ರ ಬೇಸಿಗೆಯಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದಾಗ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿ 1,441 ಸ್ಕೂಟರುಗಳನ್ನು ತಾನಾಗಿ ವಾಪಸು ಕರೆಯಿತು. ಸ್ಕೂಟರಿನ ಮೇಲೆ ನಂಬರಿದೆ, ಸಾರಿಗೆ ಕಚೇರಿಯಲ್ಲಿ ಯಜಮಾನನ ಹೆಸರಿದೆ. ಆದ್ದರಿಂದ ಕರೆದರೆ ತಲುಪುತ್ತದೆ.

ಅದೇ ವರ್ಷ ಆಗಸ್ಟಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮಾನಕ ಗುರುತಿಲ್ಲದ ಪ್ರೆಷರ್ ಕುಕ್ಕರುಗಳ ವಿಷಯದಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳ ಮೇಲೆ ಆದೇಶ ಮಾಡಿತು. ಅಮೆಜಾನಿನ ಮೂಲಕ ಮಾರಿದವು 2,265, ಫ್ಲಿಪ್‌ಕಾರ್ಟಿನ ಮೂಲಕ ಮಾರಿದವು 598. ಕೊಂಡವರಿಗೆಲ್ಲ ತಿಳಿಸಿರಿ, ಕುಕ್ಕರು ವಾಪಸು ಪಡೆಯಿರಿ, ಹಣ ಮರಳಿಸಿರಿ, ತಲಾ ಒಂದು ಲಕ್ಷ ರೂಪಾಯಿ ದಂಡ ತೆರಿರಿ ಎಂದಿತು. ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಒಂದು ಕುಕ್ಕರಿನ ಹಣ ಮರಳಿಸಲು ಹೈಕೋರ್ಟಿನ ವಕೀಲರನ್ನು ಹಿಡಿಯುವವರು ಇವರು! ಅದು ಹಾಗಿರಲಿ. ನಾನು ಕೇಳುವುದು ಬೇರೆ: 2,265 ಎಂಬ ಖಚಿತವಾದ ಅಂಕಿ ಎಲ್ಲಿಂದ ಬಂತು? ಕೊಂಡವರ ಹೆಸರು, ವಿಳಾಸ ಅವರ ಲೆಕ್ಕದಲ್ಲಿ ಇದ್ದುದರಿಂದ ಬಂತು.

ಈಗ ನಮ್ಮ ಸಂತೆಯ ಕಡೆಗೆ ಬನ್ನಿರಿ. ಒಂದು ಫಲಕ, ಒಂದು ಬ್ಯಾಟರಿ, ನಾಲ್ಕು ದೀಪ, ಒಂದು ಫ್ಯಾನು ಎಂದು ಪೆಟ್ಟಿಗೆ ಕಟ್ಟಿ ಮಾರುತ್ತಾರೆ. ಕೆಲವು ಪೆಟ್ಟಿಗೆಗಳ ಮೇಲೆ ತಯಾರಕನ ಹೆಸರಿಲ್ಲ, ಊರಿಲ್ಲ, ನಂಬರಿಲ್ಲ. ಬ್ಯಾಟರಿ ಹೊಸದೋ, ಹಳೆಯ ಕೋಶಗಳನ್ನು ಕೂಡಿಸಿ ಮೇಲೆ ಹೊಸ ಕಾಗದ ಸುತ್ತಿದ್ದೋ ತಿಳಿಯದು. ಕೊಂಡ ಹಮಾಲನ ಕೈಯಲ್ಲಿ ಪಾವತಿ ಇಲ್ಲ, ಮಾರಿದವನ ಪುಸ್ತಕದಲ್ಲಿ ಹಮಾಲನ ಹೆಸರಿಲ್ಲ. ಬ್ಯಾಟರಿ ಉಬ್ಬಿದ ದಿನ ಏನಾಗುತ್ತದೆ? “ಸಾವಕಾರ್ರ, ಪೆಟ್ಟಿಗಿ ಉಬ್ಬೇದರಿ” ಎಂದು ಹಮಾಲ ಬರುತ್ತಾನೆ. “ನಾ ಏನು ಮಾಡ್ಲೆಪ್ಪ, ಮಾಲು ಹೈದ್ರಾಬಾದಿಂದ ಬಂದದ” ಎಂದು ಅಂಗಡಿಕಾರ ಕೈಚೆಲ್ಲುತ್ತಾನೆ. ಇಬ್ಬರೂ ಬಾಯಿಮಾಡಿ, ಮನಸ್ಸು ಕೆಡಿಸಿಕೊಂಡು ಮನೆಗೆ ಹೋಗುತ್ತಾರೆ. ಆ ಪೆಟ್ಟಿಗೆಯ ತಯಾರಕ ಎಲ್ಲಿದ್ದಾನೋ, ಸುಖವಾಗಿ ಇನ್ನೊಂದು ಸಾವಿರ ಪೆಟ್ಟಿಗೆ ಕಟ್ಟುತ್ತಿರುತ್ತಾನೆ.

ಸರಕಾರದ ಯೋಜನೆ ಇದೆಯಲ್ಲ ಎಂದು ಯಾರಾದರೂ ಹೇಳಿಯಾರು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಒಂದು ಕೋಟಿ ಮನೆಗಳಿಗೆಂದು 75,021 ಕೋಟಿ ರೂಪಾಯಿಯ ಪಿಎಂ ಸೂರ್ಯ ಘರ್ ಯೋಜನೆಯನ್ನು ಮಂಜೂರು ಮಾಡಿತು. ಎರಡು ಕಿಲೋವ್ಯಾಟಿನವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಕಿಲೋವ್ಯಾಟ್ ಅಥವಾ ಹೆಚ್ಚಿಗೆ ಒಟ್ಟು 78,000 ರೂಪಾಯಿ ಸಹಾಯಧನ. ಒಳ್ಳೆಯದೇ. ಅಲ್ಲಿ ಮಾರಾಟಗಾರನ ನೋಂದಣಿ ಇದೆ, ಜೆಸ್ಕಾಂ ಮೀಟರಿನ ನಂಬರಿದೆ, ಮನೆ ಯಜಮಾನನ ಹೆಸರಿದೆ. ಆದರೆ ಅದಕ್ಕೆ ಸ್ವಂತ ಮಾಳಿಗೆ ಬೇಕು, ಸ್ವಂತ ಹೆಸರಿನ ಮೀಟರು ಬೇಕು, ಮೇಲಿನ ಹಣ ಹೊಂದಿಸುವ ಶಕ್ತಿ ಬೇಕು. ಹತ್ತಿ ಗಿರಣಿಯ, ಬೇಳೆ ಗಿರಣಿಯ ಬಾಡಿಗೆ ಮನೆಯ ಕಾರ್ಮಿಕನಿಗೆ ಇವು ಎಲ್ಲಿವೆ? ಮಾಳಿಗೆಯುಳ್ಳವನಿಗೆ ಲೆಕ್ಕವಿರುವ ಸೌರ, ಮಾಳಿಗೆಯಿಲ್ಲದವನಿಗೆ ಲೆಕ್ಕವಿಲ್ಲದ ಸೌರ. ಇಲ್ಲಿಯೂ ವರ್ಗಭೇದ ಬಂದು ಕುಳಿತಿದೆ.

1963ರಲ್ಲಿ ಲೋಕಸಭೆಯಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಬಡವನ ದಿನದ ವರಮಾನ ಮೂರಾಣೆಯೋ ಹದಿನೈದಾಣೆಯೋ ಎಂದು ಸರಕಾರದ ಲೆಕ್ಕವನ್ನೇ ಪ್ರಶ್ನೆಗೆ ಹಾಕಿದರು. ಲೆಕ್ಕ ಕೇಳುವುದು ನಮ್ಮ ಪಕ್ಷದ ಹಳೆಯ ರೂಢಿ. ಇಂದು ನಾವು ಕೇಳಬೇಕಾದುದು ಪೆಟ್ಟಿಗೆಗಳ ಲೆಕ್ಕ.

ಕಾಯಿದೆಯ ಬಲ, ಕಾಯಿದೆಯ ಬಲೆ

2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದರ 20ನೆಯ ಕಲಮಿನಂತೆ ಅಪಾಯಕಾರಿ ಮಾಲನ್ನು ವಾಪಸು ಪಡೆದು ಹಣ ಮರಳಿಸುವಂತೆ ಕೇಂದ್ರ ಪ್ರಾಧಿಕಾರ ಅಪ್ಪಣೆ ಮಾಡಬಹುದು. 16ನೆಯ ಕಲಮಿನಂತೆ ನಮ್ಮ ಜಿಲ್ಲಾಧಿಕಾರಿಯವರೇ ತಮ್ಮ ವ್ಯಾಪ್ತಿಯಲ್ಲಿ ವಿಚಾರಣೆ ನಡೆಸಿ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಆ ಕಲಮಿನ ಒಂದು ಮಾತನ್ನು ಗಮನಿಸಿರಿ: ಅದು ಗ್ರಾಹಕರ ಹಕ್ಕನ್ನು ಒಂದು ವರ್ಗದ ಹಕ್ಕಾಗಿ ಕಾಣುತ್ತದೆ. ವರ್ಗ ಎಂಬ ಶಬ್ದ ನಾವು ನುಡಿದರೆ ಬೆಚ್ಚಿಬೀಳುವ ಸರಕಾರವೇ ಅದನ್ನು ಕಾಯಿದೆಯಲ್ಲಿ ಬರೆದುಕೊಂಡಿದೆ. ವರ್ಗವಾಗಿ ಹಕ್ಕು ಕೊಟ್ಟಿದ್ದಾರೆಂದರೆ ವರ್ಗವಾಗಿಯೇ ಹೋಗಿ ಕೇಳೋಣ.

ಒಬ್ಬೊಬ್ಬರಿಗೂ ದಾರಿ ಇದೆ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಫೀ ಇಲ್ಲ, ವಕೀಲ ಕಡ್ಡಾಯವಿಲ್ಲ. ಕಂಪನಿ ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ಫಿರ್ಯಾದು ಕೊಡಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಒಂದೇ ಬಗೆಯ ನಷ್ಟವಾದ ಹಲವರ ಪರವಾಗಿ ಆಯೋಗದ ಅನುಮತಿಯಿಂದ ಒಬ್ಬರೇ ಕೊಡಬಹುದು. ಹೊಟ್ಟೆಪಾಡಿಗಾಗಿ ತಾನೇ ದುಡಿಯುವ ಚಹಾ ಅಂಗಡಿಯವನೂ, ಸಿಂಪಿಗನೂ ಅಂಗಡಿಗೆ ಹಾಕಿಸಿದ ಸೌರ ಸಾಮಾನಿನ ಮಟ್ಟಿಗೆ ಗ್ರಾಹಕನೇ. ಸಲಹೆ ಬೇಕಿದ್ದರೆ 1915ಕ್ಕೆ ಫೋನು ಮಾಡಿರಿ.

ಇನ್ನು ವ್ಯಾಪಾರಿ ಬಂಧುಗಳು ಕಿವಿಗೊಟ್ಟು ಕೇಳಬೇಕು. ಅದೇ ಕಾಯಿದೆಯ 86ನೆಯ ಕಲಮು ನಿಮಗಾಗಿ ಬರೆದಿದೆ. ನೀವು ಮಾರಿದ ಮಾಲಿನ ತಯಾರಕ ಯಾರೆಂದು ತಿಳಿಯದಿದ್ದರೆ, ತಿಳಿದರೂ ಅವನಿಗೆ ನೋಟೀಸು ಮುಟ್ಟಿಸಲಾಗದಿದ್ದರೆ, ಅವನು ಈ ದೇಶದ ಕಾಯಿದೆಗೆ ಒಳಪಡದವನಾದರೆ, ಆ ಮಾಲಿನಿಂದಾದ ಹಾನಿಗೆ ಹೊಣೆ ನೀವೇ. ಹೆಸರಿಲ್ಲದ ಪೆಟ್ಟಿಗೆ ಮಾರಿದವನ ಹೆಸರೇ ಪೆಟ್ಟಿಗೆಯ ಮೇಲೆ ಬರೆದಂತಾಯಿತು. ಮನೆ ಸುಟ್ಟರೆ ಸಾವಿರ ರೂಪಾಯಿಯ ಲಾಭಕ್ಕೆ ಲಕ್ಷಗಳ ದಾವೆ. ಕ್ವೀನ್ಸ್‌ಲ್ಯಾಂಡಿನ ಎಲೆಕ್ಟ್ರಿಷಿಯನ್ನರಿಗೆ ಬಂದ ಗತಿ ನಮ್ಮ ಬಜಾರಿನ ಸಣ್ಣ ಅಂಗಡಿಗೂ ಬಂದೀತು. ನಾನು ಮೊದಲಿಗೆ ಹೇಳಿದ ಒಂದೇ ಹಗ್ಗ ಇದೇ.

ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆ ಎಂಬ ಮಾತು ಎರಡೂ ಕಡೆ ಇದೆ. ಸೌರ ಫಲಕದ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12ರಿಂದ 5ಕ್ಕೆ ಇಳಿಸಿದ್ದಾರೆ. 6,000 ರೂಪಾಯಿಯ ಫಲಕಕ್ಕೆ 300 ರೂಪಾಯಿ. ಆ 300 ರೂಪಾಯಿ ಉಳಿಸಲು ಕೊಳ್ಳುವವನು ತನ್ನ ಹಕ್ಕನ್ನೂ ಮಾರುವವನು ತನ್ನ ರಕ್ಷಣೆಯನ್ನೂ ಒತ್ತೆ ಇಡುತ್ತಿದ್ದಾರೆ. ಇದಕ್ಕಿಂತ ದುಬಾರಿ ಬಡ್ಡಿ ಯಾವ ಸಾಹುಕಾರನದೂ ಇಲ್ಲ.

ಸರಕಾರವೂ ನಿರ್ದೋಷಿಯಲ್ಲ. ಸೌರ ಫಲಕ, ಇನ್ವರ್ಟರು, ಬ್ಯಾಟರಿಗಳಿಗೆ ಮಾನಕ ಸಂಸ್ಥೆಯ ನೋಂದಣಿ ಕಡ್ಡಾಯವೆಂದು 2017ರಲ್ಲಿ ಆದೇಶ ಹೊರಟಿತು. ಆಮೇಲೆ ಇನ್ವರ್ಟರು ತಯಾರಕರಿಗೆ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿದರು. ಕಾರ್ಮಿಕ ಹತ್ತು ನಿಮಿಷ ತಡವಾಗಿ ಬಂದರೆ ಕೂಲಿ ಮುರಿಯುವ ವ್ಯವಸ್ಥೆ ಕಾರಖಾನೆದಾರರಿಗೆ ವರ್ಷಗಟ್ಟಲೆ ತಡ ಮನ್ನಿಸುತ್ತದೆ. ಮಾನಕ ಗುರುತು ಹಾಕಿಯೂ ಮಾನಕಕ್ಕೆ ಹೊಂದದ ಮಾಲನ್ನು ವಾಪಸು ತರಿಸುವ ಅಧಿಕಾರ 2016ರ ಮಾನಕ ಸಂಸ್ಥೆ ಕಾಯಿದೆಯ 18ನೆಯ ಕಲಮಿನಲ್ಲಿದೆ. ಕತ್ತಿ ಒರೆಯಲ್ಲಿದ್ದರೆ ಕಳ್ಳನಿಗೆ ಭಯವೇನು?

ನಾವು ಮಾಡಬೇಕಾದುದು

ಮನೆಯಲ್ಲಿ ಇಂದೇ ಮಾಡುವ ಕೆಲಸ ಮೊದಲು ಹೇಳುತ್ತೇನೆ. ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ, ಒಲೆಯ ಹತ್ತಿರ, ಅರಳೆ ಇಟ್ಟಲ್ಲಿ, ಮನೆಯಿಂದ ಹೊರಬರುವ ಬಾಗಿಲ ಬಳಿ ಇಡಬೇಡಿರಿ. ಉಬ್ಬಿದರೆ, ವಾಸನೆ ಬಂದರೆ, ಮುಟ್ಟಲಾಗದಷ್ಟು ಕಾಯ್ದರೆ ಮತ್ತೆ ಚಾರ್ಜಿಗೆ ಹಾಕಬೇಡಿರಿ, ಬಿಚ್ಚಿ ನೋಡಬೇಡಿರಿ. ಹೊಗೆ ಕಂಡರೆ ಮೊದಲು ಮನೆಮಂದಿ ಹೊರಗೆ ಬರಲಿ. ಬಿಸಿಲಿರುವ ತನಕ ಫಲಕದಲ್ಲಿ ಕರೆಂಟು ಇದ್ದೇ ಇರುತ್ತದೆ. ಕಂಬದ ಕರೆಂಟು ತೆಗೆದರೂ ಅದು ಸಾಯದು. ಆದುದರಿಂದ ಬೆಂಕಿ ಬಿದ್ದಾಗ ಕೊಡ ತಂದು ನೀರು ಸುರಿಯಬೇಡಿರಿ. 101 ಅಥವಾ 112ಕ್ಕೆ ಫೋನು ಮಾಡಿ, ಮಾಳಿಗೆ ಮೇಲೆ ಸೌರ ಫಲಕವಿದೆ ಎಂಬುದನ್ನು ಮರೆಯದೆ ಹೇಳಿರಿ.

ಸಂಘಟನೆಯ ಕೆಲಸವಾಗಿ ಈ ಸಭೆಯ ಮುಂದೆ ನಾಲ್ಕು ಅಂಶಗಳ ಠರಾವನ್ನು ಇಡುತ್ತೇನೆ.

ಒಂದು: ಇಂದಿನಿಂದ ಬಿಲ್ಲಿಲ್ಲದೆ ಸೌರ ಸಾಮಾನು ಕೊಳ್ಳುವುದಿಲ್ಲವೆಂದು ಕಾರ್ಮಿಕರೂ, ಮಾರುವುದಿಲ್ಲವೆಂದು ವ್ಯಾಪಾರಿಗಳೂ ಒಪ್ಪಬೇಕು. ಬಿಲ್ಲಿನಲ್ಲಿ ತಯಾರಕನ ಹೆಸರು, ಊರು, ಮಾಲಿನ ಕ್ರಮಸಂಖ್ಯೆ, ಮಾನಕ ನೋಂದಣಿಯ ಆರ್ ನಂಬರು ಇರಬೇಕು.

ಎರಡು: ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಕಾರ್ಮಿಕ ಸಂಘ ಮತ್ತು ವ್ಯಾಪಾರಿಗಳು ಕೂಡಿ ಒಂದೊಂದು ದಫ್ತರು ತೆರೆಯಬೇಕು. ಯಾವ ಓಣಿಯ ಯಾವ ಮನೆಯಲ್ಲಿ ಯಾವ ಕಂಪನಿಯ ಯಾವ ನಂಬರಿನ ಬ್ಯಾಟರಿ ಇದೆ, ಯಾವುದು ಉಬ್ಬಿತು, ಯಾವುದು ಸುಟ್ಟಿತು ಎಂಬುದು ಅಲ್ಲಿ ಬರೆಯಲ್ಪಡಬೇಕು. ಒಂದು ಬ್ಯಾಟರಿ ಉಬ್ಬಿದರೆ ಅದು ಒಬ್ಬನ ದುರ್ದೈವ. ಒಂದೇ ಗುರುತಿನ ಹತ್ತು ಉಬ್ಬಿದರೆ ಅದು ಕಾರಖಾನೆಯ ಅಪರಾಧ. ಬರೆದಿಡದಿದ್ದರೆ ಹತ್ತೂ ದುರ್ದೈವಗಳಾಗಿಯೇ ಉಳಿಯುತ್ತವೆ.

ಮೂರು: ಹೆಸರಿಲ್ಲದ ಪೆಟ್ಟಿಗೆಗಳು ಜಿಲ್ಲೆಗೆ ಎಲ್ಲಿಂದ ಬರುತ್ತವೆ ಎಂಬುದನ್ನು 16ನೆಯ ಕಲಮಿನಂತೆ ವಿಚಾರಿಸಬೇಕೆಂದು ಜಿಲ್ಲಾಧಿಕಾರಿಯವರಿಗೆ ಅರ್ಜಿ ಕೊಡಬೇಕು. ಬೆಂಕಿ ಅನಾಹುತವಾದಲ್ಲಿ ಸುಟ್ಟ ಸಾಮಾನಿನ ಗುರುತು, ನಂಬರುಗಳನ್ನು ಅಗ್ನಿಶಾಮಕ ದಳವೂ ಜೆಸ್ಕಾಂ ಕಂಪನಿಯೂ ತಮ್ಮ ವರದಿಯಲ್ಲಿ ಬರೆಯಬೇಕೆಂದು ಒತ್ತಾಯಿಸಬೇಕು.

ನಾಲ್ಕು: ವಾಹನಗಳಿಗೆ ಇರುವಂಥ ಪ್ರತ್ಯೇಕ ವಾಪಸಿ ಕಲಮು ಮನೆಯ ಸೌರ ಸಾಮಾನಿಗೂ ಬೇಕು. ತಯಾರಕರೂ ಆಮದುದಾರರೂ ಮಾಲು ಬಜಾರಿಗೆ ಬಿಡುವ ಮೊದಲು ಸರಕಾರದಲ್ಲಿ ಠೇವಣಿ ಇಡಬೇಕು. ಕಂಪನಿ ದಿವಾಳಿ ಎದ್ದರೂ ವಾಪಸಿಯ ಖರ್ಚು ಆ ಠೇವಣಿಯಿಂದ ಹೊರಡಬೇಕು.

ಸಂಗಾತಿಗಳೇ, ನಾಲ್ಕರಲ್ಲಿ ಮೊದಲ ಎರಡಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ, ಬೆಂಗಳೂರಿನ ಮಂಜೂರಾತಿ ಬೇಕಿಲ್ಲ. ಒಂದು ಪುಸ್ತಕ, ಒಂದು ಪೆನ್ನು, ವಾರಕ್ಕೆ ಒಂದು ಸಂಜೆ ಕೊಡುವ ನಾಲ್ಕು ಜನ ಸಾಕು. ಉಳಿದ ಎರಡಕ್ಕೆ ಹೋರಾಟ ಬೇಕು; ಆ ಹೋರಾಟಕ್ಕೆ ಮೊದಲ ಎರಡರ ಲೆಕ್ಕವೇ ನಮ್ಮ ಆಯುಧ. ಠರಾವನ್ನು ಒಪ್ಪುವವರು ಕೈಯೆತ್ತಬೇಕೆಂದು ಕೇಳಿಕೊಳ್ಳುತ್ತೇನೆ. ಎತ್ತಿದ ಕೈಗಳು ನಾಳೆ ಬೆಳಗ್ಗೆ ಮನೆಯ ಬ್ಯಾಟರಿಯ ನಂಬರನ್ನು ಬರೆದು ತರಲಿ.